ಡೇಕೇರ್‌ನಲ್ಲಿ ಮಗೂಗೆ ಜ್ವರ ಬಂದ್ರೆ ಮನೆಗೆ ಕಳಿಸ್ಬೇಕಾ, ಇಟ್ಕೊಂಡು ನೋಡ್ಬೇಕಾ?

ಬೆಳಗ್ಗೆ ಎಂಟೂವರೆಗೆ ನಗ್ತಾ ಅಪ್ಪಂಗೆ ಟಾಟಾ ಮಾಡಿ ಒಳಗೆ ಬಂದ ಮಗು ಹನ್ನೆರಡು ಗಂಟೆಗೆ ಕೆಂಡದ ಥರ ಸುಡ್ತಾ ಇರತ್ತೆ. ಇದು ಎಷ್ಟು ಸಲ ಆಗಿದೆ ಅಂದ್ರೆ ಈಗ ಗಡಿಯಾರ ನೋಡಿದ್ರೇ ನಂಗೆ ಗೊತ್ತಾಗ್ಬಿಡತ್ತೆ, ಏಳು ಗಂಟೆಗೆ ಮನೇಲಿ ಪ್ಯಾರಾಸಿಟಮಾಲ್ ಕುಡಿಸಿ ಕಳ್ಸಿದ್ದಾರೆ, ಅದು ಕೆಲಸ ಮಾಡೋದೇ ನಾಲ್ಕರಿಂದ ಆರು ಗಂಟೆ, ಅದರ ಪವರ್ ಇಳೀತು, ಜ್ವರ ವಾಪಸ್ ಬಂತು. ಬೈಯೋಕೆ ಹೇಳ್ತಿಲ್ಲ ಕಣ್ರಿ. ರಜಾ ಇಲ್ಲ, ಮೀಟಿಂಗ್ ಇದೆ, ಊರಿಂದ ಅಜ್ಜಿ ಬರೋಕೆ ಎರಡು ದಿನ ಬೇಕು, ನಂಗೂ ಇಬ್ಬರು ಮಕ್ಕಳು, ನಾನೂ ಒಂದು ಸಲ ಹಾಗೇ ಮಾಡಿದ್ದೀನಿ. ಆದ್ರೆ ಅಲ್ಲಿಂದ ಮುಂದಿನ ನಿರ್ಧಾರ ಮಾಡ್ಬೇಕಾಗಿರೋದು ಆ ಹೊತ್ತಲ್ಲಿ ಮಗು ಪಕ್ಕ ಇರೋ ಆಂಟಿ, ಅವಳಿಗೆ ಏನು ನೋಡ್ಬೇಕು ಅಂತ ಗೊತ್ತಿರ್ಬೇಕು. ಬೆಂಗಳೂರಲ್ಲಿ ನಮ್ಮನೆ ಗ್ರೌಂಡ್ ಫ್ಲೋರಲ್ಲೇ ಚಿಕ್ಕ ಡೇಕೇರ್ ನಡೆಸ್ತಾ ನಾನು ಕಲ್ತಿದ್ದು, ಮಕ್ಕಳ ಡಾಕ್ಟರ್‌ಗಳ ಹತ್ರ ಕೇಳಿ ಕೇಳಿ ತಿದ್ಕೊಂಡಿದ್ದು, ಎರಡನ್ನೂ ಸೇರಿಸಿ ಬರೀತಿದ್ದೀನಿ. ಅಪ್ಪ ಅಮ್ಮಂದಿರಿಗೂ ಆಗತ್ತೆ, ಡೇಕೇರ್ ನಡೆಸೋರಿಗೂ ಆಗತ್ತೆ.

ಮೊದಲು ಜ್ವರ ಇದೆಯಾ ಇಲ್ವಾ ಅಂತ ಸರಿಯಾಗಿ ನೋಡೋದು. ಹಣೆ ಮುಟ್ಟಿ "ಅಯ್ಯೋ ಬಿಸಿ ಇದೆ" ಅಂತ ಫೋನ್ ಮಾಡ್ಬೇಡಿ. ಮಲಗಿ ಎದ್ದ ಮಗು ಬಿಸಿ ಇರತ್ತೆ, ಬಿಸಿಲಲ್ಲಿ ಓಡಾಡಿ ಬಂದ ಮಗು ಬಿಸಿ ಇರತ್ತೆ, ಡಿಸೆಂಬರ್ ಚಳೀಲಿ ಅಜ್ಜಿ ಎರಡು ಸ್ವೆಟರ್, ಮೇಲೊಂದು ಕುಲಾವಿ ಹಾಕಿ ಕಳಿಸಿದ ಮಗು ಅಂತೂ ಇಡ್ಲಿ ಪಾತ್ರೆ ಒಳಗಿಂದ ತೆಗೆದ ಹಾಗಿರತ್ತೆ. ಸ್ವೆಟರ್ ಬಿಚ್ಚಿ, ಕಾಲು ಗಂಟೆ ಸುಮ್ನೆ ಕೂರಿಸಿ, ನೀರು ಕುಡಿಸಿ, ಆಮೇಲೆ ನೋಡಿ. ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳು ಬೆವರಿದ್ರೆ ಒರೆಸಿ, ತುದಿ ಚರ್ಮಕ್ಕೆ ತಾಗೋ ಹಾಗೆ ಇಟ್ಟು, ತೋಳನ್ನ ಮೈಗೆ ಒತ್ತಿ ಹಿಡ್ಕೊಂಡು, ಬೀಪ್ ಬರೋ ತನಕ ಬಿಡಬಾರ್ದು. ಕೋವಿಡ್ ಟೈಮಲ್ಲಿ ಎಲ್ಲರೂ ತಗೊಂಡ ಆ ಹಣೆಗೆ ಹಿಡಿಯೋ ಗನ್ ಇದೆಯಲ್ಲ, ಅದನ್ನ ಬೆಳಗ್ಗೆ ಬಾಗಿಲಲ್ಲಿ ಎಲ್ಲರನ್ನೂ ಚೆಕ್ ಮಾಡೋಕೆ ಇಟ್ಕೊಳ್ಳಿ, ಫ್ಯಾನ್ ಗಾಳಿ, ಬೆವರು, ಹಿಡಿಯೋ ದೂರ ಎಲ್ಲದಕ್ಕೂ ಅದರ ನಂಬರ್ ಬದಲಾಗತ್ತೆ, ನಿರ್ಧಾರ ಮಾಡೋ ಮುಂಚೆ ಕಂಕುಳಲ್ಲಿ ಇನ್ನೊಂದ್ಸಲ ನೋಡಿ. ಹಳೇ ಪಾದರಸದ್ದು ಇದ್ರೆ ಡೇಕೇರ್‌ನಿಂದ ಆಚೆ ಇಡಿ, ಒಡೆದ್ರೆ ಅದೇ ಇನ್ನೊಂದು ತಲೆನೋವು.

ಕಂಕುಳಲ್ಲಿ ನೋಡಿದ್ದು ಮೈ ಒಳಗಿನ ಕಾವಿಗಿಂತ ಸ್ವಲ್ಪ ಕಮ್ಮೀನೇ ತೋರ್ಸತ್ತೆ. ಅದಕ್ಕೆ ಕೆಲವರು ಒಂದು ಡಿಗ್ರಿ ಸೇರಿಸಿ ಹೇಳ್ತಾರೆ, ಹಾಗೆ ಮಾಡ್ಬೇಡಿ, ನೀವು ಒಂದು ಸೇರಿಸಿ, ಅಮ್ಮ ಇನ್ನೊಂದು ಸೇರಿಸಿ ಡಾಕ್ಟರ್‌ಗೆ ಹೇಳಿದ್ರೆ 100 ಇದ್ದಿದ್ದು 102 ಆಗಿರತ್ತೆ. "ಕಂಕುಳಲ್ಲಿ 100.6, 12 ಗಂಟೆ 10 ನಿಮಿಷಕ್ಕೆ" ಅಂತ ಬಂದಿದ್ದನ್ನ ಬಂದ ಹಾಗೆ ಬರೆದಿಡಿ. ಇನ್ನೊಂದು, ಆರೋಗ್ಯವಾಗಿರೋ ಮಗೂಗೂ ಸಾಯಂಕಾಲದ ಹೊತ್ತಿಗೆ ಮೈ ಬೆಳಗ್ಗೆಗಿಂತ ಸ್ವಲ್ಪ ಬಿಸಿ ಇರತ್ತೆ, ಐದು ಗಂಟೆಗೆ 99.2 ಬಂತು ಅಂತ ಗಾಬರಿ ಬೇಡ.

ಇನ್ನು ನಂಬರ್. ಸಾಮಾನ್ಯವಾಗಿ ಡಾಕ್ಟರ್‌ಗಳು ಜ್ವರ ಅನ್ನೋದು 100.4ರಿಂದ, ಅಂದ್ರೆ 38 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆ ಬಹಳಷ್ಟು ಡೇಕೇರ್‌ಗಳು 100 ದಾಟಿದ್ರೆ ಮನೆಗೆ ಅಂತ ರೂಲ್ ಹಾಕ್ಕೊಂಡಿರ್ತಾರೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನೋರು ಡೇಕೇರ್‌ಗೆ ಅಂತಾನೇ ಕೊಟ್ಟಿರೋ ಸಲಹೆ ಇನ್ನೂ ಸಡಿಲ, 101 ದಾಟಿರ್ಬೇಕು, ಜೊತೆಗೆ ಮಗುವಿನ ವರ್ತನೆ ಬದಲಾಗಿರ್ಬೇಕು ಇಲ್ಲಾ ಬೇರೆ ಲಕ್ಷಣ ಇರ್ಬೇಕು, ಬರೀ ನಂಬರ್ ನೋಡಿ ಕಳಿಸೋ ಅಗತ್ಯ ಇಲ್ಲ ಅಂತಾರೆ. ನಿಮ್ಮಲ್ಲಿ ಅಡ್ಮಿಷನ್ ಟೈಮಲ್ಲಿ ಸಹಿ ಹಾಕಿರೋ ಕಾಗದದಲ್ಲಿ ಏನಿದೆಯೋ ಅದನ್ನೇ ಫಾಲೋ ಮಾಡಿ, ಒಬ್ಬರಿಗೊಂದು ನ್ಯಾಯ ಬೇಡ. ಆದ್ರೆ ರೂಲ್ ಏನೇ ಇರ್ಲಿ, ನನ್ನ ಅನುಭವದಲ್ಲಿ ನಂಬರ್‌ಗಿಂತ ಮಗು ಹೆಚ್ಚು ಹೇಳತ್ತೆ. ಒಂದೇ ವಾರದಲ್ಲಿ ನಮ್ಮಲ್ಲಿ ಇಬ್ಬರಿದ್ರು. ಎರಡೂವರೆ ವರ್ಷದೋನು, 101, ಲಾರಿ ಹಿಡ್ಕೊಂಡು ಮನೆ ತುಂಬಾ ಓಡಿಸ್ತಿದ್ದ, ಪಕ್ಕದ ಮಗೂ ಹತ್ರ ಇದ್ದ ಬಿಸ್ಕೆಟ್ ಕಿತ್ಕೊಂಡ. ಇನ್ನೊಬ್ಬಳು ಒಂದೂವರೆ ವರ್ಷದೋಳು, ಬರೀ 99.8, ಆದ್ರೆ ದಿನಾ ಬಟ್ಟಲು ನೆಕ್ಕಿ ಮುಗಿಸೋ ರಾಗಿ ಸರಿ ಮುಟ್ಟಲಿಲ್ಲ, ಯಾರ ತೊಡೆ ಸಿಕ್ಕಿದ್ರೂ ಮಲಗೋಳು, ಇಳಿಸಿದ್ರೆ ರಚ್ಚೆ. ನಾನು ಮೊದಲು ಫೋನ್ ಮಾಡಿದ್ದು ಅವಳ ಅಮ್ಮಂಗೆ. ಸಾಯಂಕಾಲ ಡಾಕ್ಟರ್ ನೋಡಿ ಕಿವಿ ಸೋಂಕು ಅಂದ್ರು.

ಹಾಗಾಗಿ ನಾನು ನಂಗೇ ಮೂರು ಪ್ರಶ್ನೆ ಕೇಳ್ಕೋತೀನಿ. ಈ ಮಗು ಇವತ್ತಿನ ದಿನ ಇಲ್ಲಿ ಕಳೆಯೋ ಸ್ಥಿತೀಲಿದೆಯಾ, ಅಂದ್ರೆ ಪೂರ್ತಿ ಅಲ್ದಿದ್ರೂ ಸ್ವಲ್ಪ ಆಟ, ಸ್ವಲ್ಪ ಊಟ, ಸ್ವಲ್ಪ ನಿದ್ದೆ ಆಗ್ತಿದೆಯಾ. ಎರಡನೇದು, ಇದನ್ನ ನೋಡ್ಕೊಳ್ಳೋಕೆ ಒಬ್ಬಳು ಆಂಟಿ ಪೂರ್ತಿ ಕೂತ್ರೆ ಉಳಿದ ಮಕ್ಕಳ ಗತಿ ಏನು. ನಮ್ಮಲ್ಲಿ ನಾನೂ ಸೇರಿ ಮೂರು ಜನ, ಒಬ್ಬಳು ರಜಾ ಇದ್ದ ದಿನ ಒಂದು ಮಗು ಹೆಗಲಿಂದ ಇಳಿಯಲ್ಲ ಅಂದ್ರೆ ಆ ದಿನ 100.2 ಇದ್ರೂ ನಾನು ಫೋನ್ ಮಾಡ್ತೀನಿ, ಇದನ್ನ ಹೇಳ್ಕೊಳ್ಳೋಕೆ ನಾಚಿಕೆ ಬೇಡ. ಮೂರನೇದು, ಬೇರೆ ಮಕ್ಕಳಿಗೆ ಹರಡೋಂಥದ್ದು ಕಾಣ್ತಿದೆಯಾ, ಮೈ ಮೇಲೆ ಗುಳ್ಳೆ, ಬಾಯಿ ಹುಣ್ಣಾಗಿ ಜೊಲ್ಲು ಸುರಿಯೋದು, ಡೈಪರ್‌ನಿಂದ ಆಚೆ ಬರೋಷ್ಟು ಭೇದಿ, ಎರಡು ಮೂರು ಸಲ ವಾಂತಿ. ಈ ಮೂರರಲ್ಲಿ ಒಂದಕ್ಕೆ ಉತ್ತರ ಕೆಟ್ಟದಾಗಿದ್ರೂ ಮಗು ಮನೆಗೆ. ಮೂರೂ ಓಕೆ, ಬರೀ ಮೈ ಬಿಸಿ ಅಂದ್ರೆ ಅಪ್ಪ ಅಮ್ಮಂಗೆ ಒಂದು ಮೆಸೇಜ್ ಹಾಕಿ ಅರ್ಧ ಗಂಟೆಗೊಂದ್ಸಲ ನೋಡ್ತಾ ಇರೋದು. ಜ್ವರದ ಮಗೂನ ಕಳಿಸಿದ್ರೆ ಬೇರೆಯವ್ರಿಗೆ ಬರಲ್ಲ ಅನ್ನೋದಂತೂ ಅರ್ಧ ಸತ್ಯ, ಎಷ್ಟೋ ವೈರಸ್‌ಗಳು ಜ್ವರ ಬರೋ ಮುಂಚೆನೇ ಹರಡಿರ್ತವೆ, ಬೆಳಗ್ಗೆಯಿಂದ ಎಲ್ಲರೂ ಒಂದೇ ಬ್ಲಾಕ್ಸ್ ಬಾಯಿಗೆ ಹಾಕ್ಕೊಂಡಾಗಿರತ್ತೆ. ಮನೆಗೆ ಕಳಿಸೋದು ಮುಖ್ಯವಾಗಿ ಆ ಮಗುವಿನ ಆರಾಮಕ್ಕೆ.

ಈ ಮೂರು ಪ್ರಶ್ನೆ ಚಿಕ್ಕ ಕೂಸುಗಳಿಗೆ ನಡೆಯಲ್ಲ. ಮೂರು ತಿಂಗಳ ಒಳಗಿನ ಮಗೂಗೆ 100.4 ಬಂತು ಅಂದ್ರೆ ನಗ್ತಾ ಇದ್ರೂ ಸರಿ, ಹಾಲು ಕುಡೀತಿದ್ರೂ ಸರಿ, ತಕ್ಷಣ ಡಾಕ್ಟರ್. ಔಷಧಿ ಕೊಟ್ಟು ಕಾಯೋದು ಬೇಡವೇ ಬೇಡ. ಅಷ್ಟು ಚಿಕ್ಕ ಮಗೂನ ಯಾರು ಡೇಕೇರ್‌ಗೆ ಬಿಡ್ತಾರೆ ಅಂತೀರಾ? 2017ರಲ್ಲಿ ಕಾನೂನು ತಿದ್ದುಪಡಿ ಆಗಿ ಹೆರಿಗೆ ರಜೆ 26 ವಾರ ಆಯ್ತು ನಿಜ, ಆದ್ರೆ ಎರಡು ಮಕ್ಕಳು ಈಗಾಗ್ಲೇ ಇರೋ ಅಮ್ಮಂಗೆ 12 ವಾರಾನೇ, ಸ್ವಂತ ಅಂಗಡಿ ಇಟ್ಕೊಂಡಿರೋರಿಗೆ ಅದೂ ಇಲ್ಲ, ಹಾಗಾಗಿ ಬಿಡ್ತಾರೆ. ಮೂರರಿಂದ ಆರು ತಿಂಗಳದ್ದಾದ್ರೆ 101 ದಾಟಿದ ದಿನಾನೇ ಡಾಕ್ಟರ್‌ಗೆ ತೋರಿಸಿ ಅಂತ ನಾನು ಹೇಳಿ ಕಳಿಸ್ತೀನಿ.

ಮನೆಗಲ್ಲ, ಸೀದಾ ಆಸ್ಪತ್ರೆಗೇ ಹೋಗ್ಬೇಕಾಗಿರೋದು ಬೇರೆ ಇದೆ, ಇದನ್ನ ನಮ್ಮ ಆಂಟಿಯರಿಗೆ ಬಾಯಿಪಾಠ ಮಾಡಿಸಿದ್ದೀನಿ. ಎಬ್ಬಿಸಿದ್ರೂ ಸರಿಯಾಗಿ ಏಳ್ದೇ ಇರೋದು, ಕಣ್ಣು ಬಿಟ್ಟು ಮತ್ತೆ ಜಾರೋದು. ಕುತ್ತಿಗೆ ಬಗ್ಗಿಸೋಕೆ ಹೋದ್ರೆ ಬಿಗಿ, ಅಳು. ಕೆಂಪು ಇಲ್ಲಾ ನೇರಳೆ ಚುಕ್ಕಿಗಳು, ಅದರ ಮೇಲೆ ಗಾಜಿನ ಲೋಟ ಒತ್ತಿ ನೋಡಿದ್ರೆ ಮಾಯ ಆಗಲ್ಲ. ಕುಡಿದಿದ್ದೆಲ್ಲ ವಾಂತಿ. ಎಂಟು ಗಂಟೆ ಹೊತ್ತು ಕಳೆದ್ರೂ ಉಚ್ಚೆ ಇಲ್ಲ, ಅತ್ರೂ ಕಣ್ಣಲ್ಲಿ ನೀರಿಲ್ಲ, ಬಾಯಿ ಒಣಗಿದೆ. ಮತ್ತೆ ಉಸಿರು, ಇದನ್ನ ತುಂಬಾ ಜನ ನೋಡೋದೇ ಇಲ್ಲ. ಅಂಗಿ ಮೇಲೆತ್ತಿ, ಮಗು ಸುಮ್ನೆ ಇರೋವಾಗ ಫೋನಲ್ಲಿ ಟೈಮರ್ ಇಟ್ಟು ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯೋದು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದ ಒಳಗಿನ ಮಗೂಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವ್ರಿಗೆ 40, ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಅಲ್ಲಿಗೆ ಮುಟ್ಟಿದ್ರೆ ವೇಗದ ಉಸಿರು ಅಂತಾನೇ ಅರ್ಥ. ಜೋರು ಜ್ವರದಲ್ಲಿ ಉಸಿರು ಸ್ವಲ್ಪ ಜಾಸ್ತಿ ಆಗೇ ಆಗತ್ತೆ, ಅದಕ್ಕೆ ಐದು ಹತ್ತು ನಿಮಿಷ ಬಿಟ್ಟು ಇನ್ನೊಂದ್ಸಲ ಎಣಿಸಿ, ಆಗ್ಲೂ ಅಷ್ಟೇ ಇದ್ರೆ ಹೊರಡಿ. ಉಸಿರೆಳೆದಾಗ ಪಕ್ಕೆ ಕೆಳಗೆ ಗುಳಿ ಬೀಳ್ತಿದ್ರೆ ಎಣಿಸ್ತಾ ಕೂರೋದೂ ಬೇಡ.

ಫಿಟ್ಸ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಅದನ್ನ ಮೊದಲ್ನೇ ಸಲ ನೋಡಿದಾಗ ನನ್ನ ಕೈಕಾಲೂ ನಡುಗಿತ್ತು. ಆರು ತಿಂಗಳಿಂದ ಐದು ವರ್ಷದ ಒಳಗಿನ ಕೆಲವು ಮಕ್ಕಳಿಗೆ ಜ್ವರ ಏರೋವಾಗ ಫಿಟ್ಸ್ ಬರತ್ತೆ, ಎಷ್ಟೋ ಸಲ ಜ್ವರ ಇದೆ ಅಂತ ಗೊತ್ತಾಗೋದೇ ಅದು ಬಂದ ಮೇಲೆ. ಕೈಗೆ ಕಬ್ಬಿಣದ ಬೀಗದಕೈ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಹಲ್ಲಿನ ಮಧ್ಯೆ ಚಮಚ ತುರುಕೋದು, ಬಾಯಿಗೆ ನೀರು ಹಾಕೋದು, ಇದ್ಯಾವುದೂ ಮಾಡ್ಬೇಡಿ, ಕೊನೆ ಎರಡಂತೂ ಅಪಾಯ. ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಸುತ್ತ ಗಟ್ಟಿ ಸಾಮಾನು ಸರಿಸಿ, ಒಬ್ಬರು ಟೈಮ್ ನೋಡಿ, ಇನ್ನೊಬ್ಬರು ಉಳಿದ ಮಕ್ಕಳನ್ನ ಬೇರೆ ರೂಮಿಗೆ ಕರ್ಕೊಂಡು ಹೋಗ್ಲಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲತ್ತೆ. ಐದು ನಿಮಿಷ ಆದ್ರೂ ನಿಲ್ಲದಿದ್ರೆ, ಮುಖ ತುಟಿ ನೀಲಿ ಆದ್ರೆ 108. ಮೊದಲ್ನೇ ಸಲ ಬಂದಿದ್ರೆ ಅರ್ಧ ನಿಮಿಷಕ್ಕೆ ನಿಂತ್ರೂ ಆಸ್ಪತ್ರೆಗೆ ಹೋಗ್ಲೇಬೇಕು. ಹಿಂದೆ ಬಂದಿದೆ ಅಂತಾದ್ರೆ ಅಪ್ಪ ಅಮ್ಮ ಅದನ್ನ ಅಡ್ಮಿಷನ್ ದಿನಾನೇ ಹೇಳಿರ್ಬೇಕು, ಮುಚ್ಚಿಡ್ಬೇಡಿ ದಯವಿಟ್ಟು, ಅದಕ್ಕೋಸ್ಕರ ಸೀಟ್ ಕೊಡಲ್ಲ ಅಂತ ನಾವೇನೂ ಹೇಳಲ್ಲ.

ಔಷಧಿ ವಿಷಯ. ಅಪ್ಪ ಅಮ್ಮ ಬರೆದು ಕೊಡದೆ, ಇಲ್ಲಾ ಆ ಹೊತ್ತಲ್ಲಿ ಮೆಸೇಜ್ ಮಾಡಿ ಒಪ್ಪದೆ, ಒಂದು ಹನೀನೂ ಕೊಡ್ಬೇಡಿ. "ಐದು ಎಂಎಲ್ ಕೊಡಿ ಆಂಟಿ" ಅಂದ್ರೂ ಬಾಟಲ್ ಓದದೆ ಕೊಡ್ಬೇಡಿ. ಇಲ್ಲೇ ದೊಡ್ಡ ಎಡವಟ್ಟಾಗೋದು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೇ 100 ಮಿಲಿಗ್ರಾಂ ಇರತ್ತೆ, ಸಿರಪ್‌ನಲ್ಲಿ ಐದು ಎಂಎಲ್‌ಗೆ 120 ಇಲ್ಲಾ 125, ಇನ್ನೊಂದು ಸಿರಪ್ ಐದು ಎಂಎಲ್‌ಗೆ 250. ಡಾಕ್ಟರ್‌ಗಳ ಲೆಕ್ಕ ತೂಕದ ಮೇಲೆ, ಒಂದು ಕೆಜಿಗೆ ಒಂದು ಸಲಕ್ಕೆ 15 ಮಿಲಿಗ್ರಾಂ. ಹತ್ತು ಕೆಜಿ ಮಗೂಗೆ 150 ಅಂತಾದ್ರೆ ಡ್ರಾಪ್ಸ್ ಒಂದೂವರೆ ಎಂಎಲ್, 125ರ ಸಿರಪ್ ಆರು ಎಂಎಲ್, 250ರದ್ದು ಮೂರೇ ಎಂಎಲ್. ಈಗ ಅದೇ "ಐದು ಎಂಎಲ್"ನ ಡ್ರಾಪ್ಸ್ ಬಾಟಲಿಂದ ಕೊಟ್ರೆ ಏನಾಗತ್ತೆ ನೋಡಿ, 500 ಮಿಲಿಗ್ರಾಂ, ಮೂರು ಪಟ್ಟಿಗಿಂತ ಜಾಸ್ತಿ. ಅಡುಗೆಮನೆ ಚಮಚ ಬೇಡ, ಬಾಟಲ್ ಜೊತೆ ಬರೋ ಮುಚ್ಚಳ ಇಲ್ಲಾ ಸಿರಿಂಜ್. ಒಂದು ಡೋಸಿಂದ ಇನ್ನೊಂದಕ್ಕೆ ಕಮ್ಮಿ ಅಂದ್ರೂ ನಾಲ್ಕು ಗಂಟೆ, ಆರು ಇದ್ರೆ ಒಳ್ಳೇದು, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಬೆಳಗ್ಗೆ ಮನೇಲಿ ಕೊಟ್ಟಿದ್ದು ಮುಚ್ಚಿಟ್ರೆ ಈ ಲೆಕ್ಕ ಎಲ್ಲಾ ಉಲ್ಟಾ ಆಗತ್ತೆ, ನಾನು ಕೇಳೋದು ಅದಕ್ಕೇ, ಜಗಳಕ್ಕಲ್ಲ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬಾರ್ದು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ಇಲ್ಲಾ ಪ್ಯಾರಾಸಿಟಮಾಲ್ ಜೊತೆ ಅದು ಸೇರಿರೋ ಕಾಂಬಿನೇಷನ್ ಸಿರಪ್ ಮಳೆಗಾಲದಲ್ಲಿ ಡೆಂಗ್ಯೂ ಅಲ್ಲ ಅಂತ ಗೊತ್ತಾಗೋ ತನಕ ಬೇಡ, ರಕ್ತಸ್ರಾವದ ಅಪಾಯ ಜಾಸ್ತಿ ಆಗತ್ತೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಸರ್ಕಾರವೇ ಘೋಷಣೆ ಮಾಡಿತ್ತಲ್ಲ, ಆ ವರ್ಷದಿಂದ ನಾನು ಇದನ್ನ ಬಾಗಿಲಿಗೇ ಬರೆದು ಅಂಟಿಸಿದ್ದೀನಿ.

ಫೋನ್ ಹೇಗೆ ಮಾಡೋದು ಅನ್ನೋದೂ ಒಂದು ಕಲೆ. ಬೆಂಗಳೂರಲ್ಲಿ "ಈಗ್ಲೇ ಬನ್ನಿ" ಅಂದ್ರೆ ವೈಟ್‌ಫೀಲ್ಡಿಂದ ವಿಜಯನಗರಕ್ಕೆ ಈಗ್ಲೇ ಬರೋಕಾಗಲ್ಲ. ಅದಕ್ಕೆ ನಾನು ಎರಡು ಹಂತ ಮಾಡ್ತೀನಿ. ಮೊದಲ ಮೆಸೇಜ್ ಬರೀ ಸುದ್ದಿ: "ಮೈ ಸ್ವಲ್ಪ ಬಿಸಿ, ಕಂಕುಳಲ್ಲಿ 100.2, ಆಟ ಆಡ್ತಿದ್ದಾನೆ, ಊಟ ಅರ್ಧ ಮಾಡಿದ, ಅರ್ಧ ಗಂಟೆ ಬಿಟ್ಟು ಮತ್ತೆ ಹೇಳ್ತೀನಿ, ಕೆಲಸ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡಿರಿ." ಎರಡನೇದು ಫೋನ್, ಮೆಸೇಜ್ ಅಲ್ಲ, ಅದರಲ್ಲಿ ಸ್ಪಷ್ಟವಾಗಿ "ಒಂದು ಗಂಟೆ ಒಳಗೆ ಕರ್ಕೊಂಡು ಹೋಗ್ಬೇಕು" ಅಂತ. "ನೋಡಿ, ನಿಮ್ಮಿಷ್ಟ, ಸ್ವಲ್ಪ ಡಲ್ ಆಗಿದ್ದಾಳೆ" ಅಂತ ಗೋಲ್ ಗೋಲ್ ಮಾತಾಡಿದ್ರೆ ಅವರಿಗೂ ಗೊಂದಲ. ಮತ್ತೆ ಪ್ರತಿ ಸಲ ಅಮ್ಮಂಗೇ ಫೋನ್ ಹೋಗೋದು ಯಾಕೆ? ನಾವು ಇಬ್ಬರೂ ಇರೋ ಗ್ರೂಪಲ್ಲಿ ಹಾಕ್ತೀವಿ, ಅಪ್ಪಂಗೆ ಮೊದಲು ರಿಂಗ್ ಮಾಡಿದ್ರೆ ಎಷ್ಟೋ ಸಲ ಅಪ್ಪನೇ ಬೇಗ ಬರ್ತಾರೆ, ಕೇಳಿದ್ರೆ "ಇಷ್ಟು ದಿನ ಯಾರೂ ನಂಗೆ ಹೇಳೇ ಇಲ್ಲ" ಅಂತಾರೆ. ಇಬ್ಬರೂ ಸಿಗದಿದ್ರೆ ಮೂರನೇ ಹೆಸರು, ಚಿಕ್ಕಮ್ಮನೋ ಪಕ್ಕದ ಮನೆ ಅಂಕಲ್ಲೋ, ಫೋಟೋ ಸಮೇತ ಮೊದಲೇ ಬರೆದು ಕೊಟ್ಟಿರ್ಬೇಕು.

ಅವರು ಬರೋ ತನಕ ಮಗೂನ ಒಂದು ರೂಮಲ್ಲಿ ಕೂಡಿಹಾಕ್ಬೇಡಿ, ಪಾಪ, ಏನು ತಪ್ಪು ಮಾಡಿದೆ ಅದು. ಹಾಲ್‌ನ ಒಂದು ಮೂಲೇಲಿ ಹಾಸಿಗೆ, ಅದರ ಗೊಂಬೆ, ಕಣ್ಣಿಗೆ ಕಾಣೋ ಹಾಗೆ ಒಬ್ಬ ಆಂಟಿ. ತೆಳು ಹತ್ತಿ ಬಟ್ಟೆ, ಶಾಲು ಸುತ್ತೋದು ಬೇಡ, ಚಳಿ ಚಳಿ ಅಂದ್ರೆ ಮಾತ್ರ ಒಂದು ಹೊದಿಕೆ. ನೀರು, ಗಂಜಿ ತಿಳಿ, ಎದೆಹಾಲು ಇಟ್ಟಿದ್ರೆ ಅದು, ಭೇದಿ ವಾಂತಿ ಇದ್ರೆ ಓಆರ್‌ಎಸ್, ಗುಟುಕು ಗುಟುಕು. ಐಸ್ ನೀರಿನ ಬಟ್ಟೆ ಹಾಕಿದ್ರೆ ಮಗು ನಡುಗಿ ಮೈ ಕಾವು ಇನ್ನೂ ಏರತ್ತೆ. ಊಟ ಬಲವಂತ ಬೇಡ, ಒಂದು ಹೊತ್ತು ತಿನ್ನದಿದ್ರೆ ಏನೂ ಆಗಲ್ಲ, ಕುಡೀದೆ ಇದ್ರೆ ಆಗತ್ತೆ.

"ಹಲ್ಲು ಬರ್ತಿದೆ ಅದಕ್ಕೇ" ಅಂತ ಹೇಳೋರು ವಾರಕ್ಕೊಬ್ಬರು ಸಿಗ್ತಾರೆ. ಹಲ್ಲು ಬರೋವಾಗ ಜೊಲ್ಲು, ಕಿರಿಕಿರಿ, ಮೈ ಸ್ವಲ್ಪ ಬೆಚ್ಚಗೆ, ಅಷ್ಟೇ, 101 ಬರಲ್ಲ. ದೃಷ್ಟಿ ತೆಗೀರಿ, ನಾನೂ ತೆಗೀತೀನಿ, ಥರ್ಮಾಮೀಟರ್ ಇಟ್ಟ ಮೇಲೆ. ಲಸಿಕೆ ಜ್ವರ ಮಾತ್ರ ಬೇರೆ ಲೆಕ್ಕ, ಡಿಪಿಟಿ ಬೂಸ್ಟರ್ ಥರದ್ದಾದ್ರೆ ಆ ದಿನ, ಮಾರನೇ ದಿನ ಬಂದು ಹೋಗತ್ತೆ, ದಡಾರ ರುಬೆಲ್ಲಾ ಲಸಿಕೆಯದ್ದು ಒಂದು ವಾರ ಬಿಟ್ಟೂ ಬರಬಹುದು. ಅದು ಬೇರೆ ಮಕ್ಕಳಿಗೆ ಹರಡಲ್ಲ, ಮಗು ಗೆಲುವಾಗಿದ್ರೆ ನಾನು ಇಟ್ಕೋತೀನಿ.

ಯಾವಾಗ ವಾಪಸ್ ಕಳಿಸೋದು? ಔಷಧಿ ಇಲ್ದೇ 24 ಗಂಟೆ ಜ್ವರ ಇರಬಾರ್ದು. "ಔಷಧಿ ಇಲ್ದೇ" ಅನ್ನೋದನ್ನ ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ. ಸೋಮವಾರ ರಾತ್ರಿ ಎಂಟಕ್ಕೆ ಕೊನೇ ಸಿರಪ್ ಕುಡಿಸಿದ್ರಿ ಅಂದ್ರೆ ಅದರ ಪವರ್ ಎರಡು ಗಂಟೆ ರಾತ್ರಿ ತನಕ ಇರತ್ತೆ, ಮಂಗಳವಾರ ಪೂರ್ತಿ ಏನೂ ಕೊಡದೆ ತಣ್ಣಗಿದ್ರೆ ಬುಧವಾರ ಬೆಳಗ್ಗೆ ಕರ್ಕೊಂಡು ಬನ್ನಿ, ಮಂಗಳವಾರ ಬೆಳಗ್ಗೆ ಅಲ್ಲ. ಜ್ವರ ಹೋದ್ರೂ ಮಗು ಬಾಡಿದ ಸೊಪ್ಪಿನ ಥರ ಇದ್ರೆ ಇನ್ನೊಂದು ದಿನ ಇರ್ಲಿ. ಡೆಂಗ್ಯೂ ಸೀಸನ್‌ನಲ್ಲಿ ಒಂದು ಎಚ್ಚರ, ಅದರಲ್ಲಿ ಮೂರನೇ ದಿನದಿಂದ ಏಳನೇ ದಿನದ ಒಳಗೆ ಜ್ವರ ಇಳಿಯೋ ಹೊತ್ತೇ ಅಪಾಯದ ಹೊತ್ತು. ಜ್ವರ ಬಿಡ್ತು ಅಂತ ಕಳಿಸಿದ ಮಗು ಹೊಟ್ಟೆ ನೋವು ಅಂತ ಅಳ್ತಿದ್ರೆ, ಪದೇ ಪದೇ ವಾಂತಿ, ಮೂಗು ಒಸಡಲ್ಲಿ ರಕ್ತ, ಕೈಕಾಲು ತಣ್ಣಗೆ ಅಂದ್ರೆ ತಡ ಮಾಡ್ದೇ ಆಸ್ಪತ್ರೆ.

ಸೀತಾಳೆ ಸಿಡುಬು, ಅಮ್ಮ ಅಂತೀವಲ್ಲ ಅದು, ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋ ತನಕ ಬೇಡ. ದಡಾರ ಅಂದ್ರೆ ಗಂದೆ ಎದ್ದ ಮೇಲೆ ನಾಲ್ಕು ದಿನ, ಮಂಗನಬಾವು ಅಂದ್ರೆ ಕೆನ್ನೆ ಊದಿದ ಮೇಲೆ ಐದು ದಿನ. ಮಳೆಗಾಲ ಬಂತು ಅಂದ್ರೆ ನಮ್ಮಲ್ಲಿ ಸುತ್ತು ಹೊಡೆಯೋ ಕೈ ಕಾಲು ಬಾಯಿ ರೋಗಕ್ಕೆ ಜ್ವರ ಬಿಟ್ಟು, ಬಾಯಿ ಹುಣ್ಣು ಮಾಗಿ, ಗುಳ್ಳೆ ಒಣಗಿದ್ರೆ ಸಾಕು ಅಂತೀನಿ ನಾನು. ಅದರ ವೈರಸ್ ಕಕ್ಕದಲ್ಲಿ ವಾರಗಟ್ಟಲೆ ಇರತ್ತೆ, ಅಷ್ಟು ದಿನ ಯಾರನ್ನ ಮನೇಲಿ ಕೂರಿಸೋಕಾಗತ್ತೆ, ಡೈಪರ್ ಬದಲಿಸಿದ ಮೇಲೆ ಪ್ರತಿ ಸಲ ಸೋಪ್ ಹಾಕಿ ಕೈ ತೊಳೆಯೋದೇ ದಾರಿ.

ನಮ್ಮ ಬಾಗಿಲ ಹತ್ರ ಒಂದು ಉದ್ದ ಪುಸ್ತಕ ಇದೆ. ಮಗು ಬಂದ ಟೈಮ್, ತಿಂಡಿ ತಿಂದಿದೆಯಾ, ಅದರ ಪಕ್ಕ ಇನ್ನೊಂದು ಕಾಲಂ, "ಇವತ್ತು ಔಷಧಿ ಏನಾದ್ರೂ? ಎಷ್ಟು ಗಂಟೆಗೆ? ಎಷ್ಟು?" ಬಿಟ್ಟು ಹೋಗೋರೇ ಬರೀಬೇಕು, ದಿನಾ, ಎಲ್ಲರೂ, ಮಗು ಚೆನ್ನಾಗಿದ್ರೂ. ಇದನ್ನ ಶುರು ಮಾಡಿದ ಮೊದಲ ವಾರ ಎಲ್ಲರದ್ದೂ "ಇಲ್ಲ, ಇಲ್ಲ, ಇಲ್ಲ". ಎರಡನೇ ವಾರ ಒಬ್ಬ ಅಪ್ಪ ತುಂಬಾ ಹೊತ್ತು ಪೆನ್ ಹಿಡ್ಕೊಂಡು ನಿಂತಿದ್ದು, "7.10ಕ್ಕೆ, ಸಿರಪ್, 5 ಎಂಎಲ್" ಅಂತ ಬರೆದು, ಪಕ್ಕದಲ್ಲಿ ಚಿಕ್ಕದಾಗಿ "ಹನ್ನೊಂದಕ್ಕೆ ಬಂದು ಕರ್ಕೊಂಡು ಹೋಗ್ತೀನಿ ಆಂಟಿ, ಒಂದು ಪ್ರೆಸೆಂಟೇಷನ್ ಇದೆ" ಅಂತ ಸೇರಿಸಿದ್ರು. ಹನ್ನೊಂದಕ್ಕೆ ಹತ್ತು ನಿಮಿಷ ಇರೋವಾಗ್ಲೇ ಬಂದ್ರು.